ಆಫ್ ಸ್ವಿಚ್ ಇಲ್ಲದ ಕೆಲಸ: ಲಿಥಿಯಂ ಬ್ಯಾಟರಿ ಪ್ಯಾಕ್ ಸುರಕ್ಷಿತವಾಗಿ ಕಟ್ಟುವುದು ಹೇಗೆ

ಟಿವಿ ಬಿಚ್ಚುವ ಮುಂಚೆ ಪ್ಲಗ್ ಕೀಳುತ್ತೇವೆ. ವೈರಿಂಗ್ ಮುಟ್ಟುವ ಮುಂಚೆ ಮೇನ್ ಆಫ್ ಮಾಡುತ್ತೇವೆ. ಬ್ಯಾಟರಿ ಪ್ಯಾಕ್ ಕಟ್ಟುವವರಿಗೆ ಈ ಭಾಗ್ಯ ಇಲ್ಲ. ಮೊದಲ ಸೆಲ್ಲನ್ನು ಮೇಜಿನ ಮೇಲೆ ಇಟ್ಟ ಗಳಿಗೆಯಿಂದ ಕೊನೆಯ ಟೇಪ್ ಸುತ್ತುವವರೆಗೆ ಎಲ್ಲವೂ ಆನ್ ಆಗಿಯೇ ಇರುತ್ತದೆ, ಕೆಲಸ ಮುಂದುವರಿದಷ್ಟೂ ವೋಲ್ಟೇಜ್ ಏರುತ್ತಾ ಹೋಗುತ್ತದೆ, ನಿಮ್ಮ ಕೈಲಿರುವ ಕತ್ತರಿ, ಇಕ್ಕಳ, ಬೆರಳಿನ ಉಂಗುರ ಎಲ್ಲದರಲ್ಲೂ ಕರೆಂಟ್ ಹರಿಯಬಲ್ಲದು.

ಲಿಥಿಯಂ ಅಂದ ಕೂಡಲೇ ಎಲ್ಲರಿಗೂ ಬೆಂಕಿಯ ವಿಡಿಯೋ ನೆನಪಾಗುತ್ತದೆ. ಆದರೆ ಒಳ್ಳೆಯ ಸೆಲ್ ಸುಮ್ನೆ ಕೂತಲ್ಲೇ ಸಿಡಿಯುವುದು ತೀರಾ ಅಪರೂಪ. ನಾನು ಕಂಡ ತೊಂದರೆಗಳೆಲ್ಲ ಕಟ್ಟುವವರ ಕೈಯಿಂದಲೇ ಶುರುವಾದವು. ಎಲ್ಲೋ ಒಂದು ಪಟ್ಟಿ ಜಾರಿತು, ವೈರ್ ಅದಲು ಬದಲಾಯಿತು, ಹಳೆ ಸೆಲ್ಲನ್ನು ನೋಡದೆ ಸೇರಿಸಿದರು, ಅಷ್ಟೇ. ಹಾಗಾಗಿ ಇಲ್ಲಿ ಪ್ರತಿ ಹಂತದಲ್ಲೂ ಒಂದೇ ಪ್ರಶ್ನೆ ಕೇಳುತ್ತಾ ಹೋಗುತ್ತೇನೆ: ಈಗ ಕೈಯಿಂದ ಏನಾದರೂ ಬಿದ್ದರೆ ಏನಾಗುತ್ತದೆ?

ಉದಾಹರಣೆಗೆ ಒಂದೇ ಪ್ಯಾಕ್ ಇಟ್ಟುಕೊಳ್ಳೋಣ. 18650 ಅನ್ನುವ ಅಳತೆಯ ದುಂಡಗಿನ ಸೆಲ್ಲುಗಳು, ಒಟ್ಟು ಹನ್ನೆರಡು. 12 ವೋಲ್ಟಿನ ಆಸುಪಾಸಿನ ದೀಪ, ರೌಟರ್, ಸಣ್ಣ ಪಂಪ್ ಇಂಥವಕ್ಕೆ ಹೊಂದುವ ಪ್ಯಾಕ್ ಇದು. ಮೊದಲ ಸಲ ಕಟ್ಟುವವರು ಇದಕ್ಕಿಂತ ದೊಡ್ಡದಕ್ಕೆ ಕೈ ಹಾಕಬೇಡಿ. ಸೈಕಲ್, ಸ್ಕೂಟರ್ ಪ್ಯಾಕ್ ಎಲ್ಲ ಆಮೇಲೆ.

## ಕಾಗದದ ಮೇಲೆ ಮೊದಲು

ಸೆಲ್ಲುಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿದರೆ ಸೀರೀಸ್, ವೋಲ್ಟೇಜ್ ಕೂಡುತ್ತದೆ. ತಲೆಗೆ ತಲೆ, ಬಾಲಕ್ಕೆ ಬಾಲ ಸೇರಿಸಿದರೆ ಪ್ಯಾರಲಲ್, ಸಾಮರ್ಥ್ಯ ಕೂಡುತ್ತದೆ. ನಮ್ಮದು 4ಎಸ್3ಪಿ. ಅಂದರೆ ಮೂರು ಮೂರು ಸೆಲ್ ಸೇರಿ ಒಂದು ಗುಂಪು, ಅಂಥ ನಾಲ್ಕು ಗುಂಪು ಸೀರೀಸ್‌ನಲ್ಲಿ.

ಸಾಮಾನ್ಯ ಲಿಥಿಯಂ-ಅಯಾನ್ ಸೆಲ್ 3.6 ವೋಲ್ಟಿನದು. ತುಂಬಿದಾಗ 4.2, ಖಾಲಿಯಾದಾಗ ಸುಮಾರು 3. ನಾಲ್ಕರಿಂದ ಗುಣಿಸಿ: ಸಾಮಾನ್ಯ ವೋಲ್ಟೇಜ್ 14.4, ತುಂಬಿದಾಗ 16.8, ಖಾಲಿಯಾದಾಗ 12. ನಿಮ್ಮ ಉಪಕರಣ 16.8 ತಡೆದುಕೊಳ್ಳುತ್ತದೆಯೇ ಅಂತ ಈಗಲೇ ನೋಡಿ, ಪ್ಯಾಕ್ ಕಟ್ಟಿದ ಮೇಲಲ್ಲ. ಬರೀ 12 ವೋಲ್ಟ್ ಅಂತ ಬರೆದಿರುವ ಎಷ್ಟೋ ಅಗ್ಗದ ಸಾಮಾನುಗಳು ಇಷ್ಟು ತಡೆಯುವುದಿಲ್ಲ. ಅಂಥವಕ್ಕೆ ನಡುವೆ ವೋಲ್ಟೇಜ್ ಇಳಿಸುವ ಒಂದು ಬಕ್ ಕನ್ವರ್ಟರ್ ಬೇಕು, ಇಲ್ಲವೇ 3ಎಸ್ ಕಟ್ಟಬೇಕು, ಅದು ತುಂಬಿದಾಗ 12.6.

ಸೆಲ್ ಒಂದಕ್ಕೆ 2500 ಮಿಲಿ ಆಂಪ್ ಅವರ್ ಇದ್ದರೆ ಮೂರಕ್ಕೆ 7.5 ಆಂಪ್ ಅವರ್. ಅದನ್ನು 14.4ರಿಂದ ಗುಣಿಸಿದರೆ 108 ವ್ಯಾಟ್ ಅವರ್. ಈ ಅಂಕಿ ನೆನಪಿರಲಿ. ವಿಮಾನದ ಕೈಚೀಲದಲ್ಲಿ ಅನುಮತಿ ಕೇಳದೆ ಒಯ್ಯಬಹುದಾದ ಮಿತಿ ಸಾಮಾನ್ಯವಾಗಿ 100 ವ್ಯಾಟ್ ಅವರ್, ಹಾಗಾಗಿ ನಮ್ಮ ಈ ಪುಟ್ಟ ಪ್ಯಾಕ್ ಕೂಡ ಅದನ್ನು ದಾಟುತ್ತದೆ. ಇನ್ನು ಕರೆಂಟ್. ಪ್ಯಾಕಿನಿಂದ 10 ಆಂಪ್ ಎಳೆದರೆ ಒಂದೊಂದು ಸೆಲ್ ಮೇಲೆ 3.3 ಆಂಪ್ ಬೀಳುತ್ತದೆ. ಸೆಲ್ ತಯಾರಕರ ಡೇಟಾಶೀಟಿನಲ್ಲಿ ಸತತವಾಗಿ ಎಳೆಯಬಹುದಾದ ಕರೆಂಟ್ ಎಷ್ಟು ಅಂತ ಇರುತ್ತದೆ. ನಿಮ್ಮ ಲೆಕ್ಕ ಅದರ ಅರ್ಧದ ಒಳಗೆ ಇದ್ದರೆ ಪ್ಯಾಕ್ ತಣ್ಣಗೂ ಇರುತ್ತದೆ, ಬಾಳಿಕೆಯೂ ಬರುತ್ತದೆ.

ಜಾಗ ಇದ್ದರೆ, ತೂಕ ಜಾಸ್ತಿಯಾದರೂ ಪರವಾಗಿಲ್ಲ ಅನ್ನುವುದಾದರೆ, ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ತೆಗೆದುಕೊಳ್ಳಿ. ಒಂದು ಕಡೆ ಕೂತಿರುವ ಪ್ಯಾಕಿಗೆ ನಾನು ಈಗ ಅದನ್ನೇ ಹಾಕುತ್ತೇನೆ. ಅದು 3.2 ವೋಲ್ಟಿನದು, ತುಂಬಿದಾಗ 3.65. ನಾಲ್ಕು ಸೇರಿದರೆ 12 ವೋಲ್ಟ್ ಸಾಮಾನುಗಳಿಗೆ ಸರಿಹೋಗುತ್ತದೆ, ಕಾವು ಏರಿ ಹೊತ್ತಿಕೊಳ್ಳುವ ಸ್ವಭಾವವೂ ಕಡಿಮೆ. ಆದರೆ ಶಾರ್ಟ್ ಆದರೆ ಅದೂ ಅಷ್ಟೇ ಜೋರಾಗಿ ಕರೆಂಟ್ ಉಗುಳುತ್ತದೆ. ಎರಡು ಬಗೆಯ ಸೆಲ್ಲುಗಳನ್ನು ಒಂದೇ ಪ್ಯಾಕಿನಲ್ಲಿ ಬೆರೆಸುವ ಮಾತೇ ಇಲ್ಲ. ಬಿಎಂಎಸ್ (ಪ್ಯಾಕನ್ನು ಕಾಯುವ ಸರ್ಕಿಟ್ ಬೋರ್ಡ್), ಚಾರ್ಜರ್ ಎರಡೂ ಬೇರೆಯೇ ಬೇಕು.

## ಸೆಲ್ ಕೊಳ್ಳುವಾಗ

18650 ಅಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ದುಂಡಗಿನ ಸೆಲ್ ಅನ್ನುವುದಕ್ಕೆ. ಈ ಅಳತೆಯ ಡಬ್ಬಿಯಲ್ಲಿ ಹಿಡಿಸುವುದಕ್ಕೂ ಒಂದು ಮಿತಿ ಇದೆಯಲ್ವಾ? ಒಳ್ಳೆಯ ಕಂಪನಿಗಳ ಸೆಲ್ಲುಗಳೇ 3500 ಮಿಲಿ ಆಂಪ್ ಅವರ್ ಹತ್ತಿರ ಬಂದು ನಿಲ್ಲುತ್ತವೆ. 6000, 9900 ಅಂತ ಮೈಮೇಲೆ ಬರೆದುಕೊಂಡಿರುವ ಸೆಲ್ ಕಂಡರೆ ಮುಟ್ಟಲೇಬೇಡಿ, ಅದು ಶುದ್ಧ ಸುಳ್ಳು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. ಅಸಲಿ ಸೆಲ್ ಸಾಮಾನ್ಯವಾಗಿ 45ರಿಂದ 50 ಗ್ರಾಂ ತೂಗುತ್ತದೆ. 30 ಗ್ರಾಂ ಆಸುಪಾಸು ಬಂದರೆ ಒಳಗೆ ಏನೋ ಕಡಿಮೆ ಇದೆ ಅಂತಲೇ ಅರ್ಥ.

ಹನ್ನೆರಡೂ ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ, ಒಂದೇ ಸಲಕ್ಕೆ ಕೊಂಡ ಸೆಲ್ಲುಗಳಾಗಿರಲಿ. ಒಂದೆರಡು ಜಾಸ್ತಿ ತಂದಿಟ್ಟುಕೊಳ್ಳಿ. ಬಂದ ಕೂಡಲೇ ಎಲ್ಲದರ ವೋಲ್ಟೇಜ್ ಅಳೆದು ಅದರ ಮೈಮೇಲೇ ಬರೆಯಿರಿ. ಹೊಸ ಸೆಲ್ಲುಗಳೆಲ್ಲ ಸಾಮಾನ್ಯವಾಗಿ 3.5 ಸುತ್ತಮುತ್ತ, ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತವೆ. ಒಂದು ಮಾತ್ರ ಬೇರೆ ತೋರಿಸಿದರೆ ಅದನ್ನು ಪಕ್ಕಕ್ಕಿಡಿ.

ಹಳೇ ಲ್ಯಾಪ್‌ಟಾಪ್ ಪ್ಯಾಕಿನಿಂದ ಕಿತ್ತ ಸೆಲ್ ಬಳಸಬಹುದೇ ಅಂತ ಎಲ್ಲರೂ ಕೇಳುತ್ತಾರೆ. ಬಳಸಬಹುದು, ಆದರೆ ತಾಳ್ಮೆ ಬೇಕು. ಮೊದಲನೆಯದಾಗಿ, 2 ವೋಲ್ಟಿಗಿಂತ ಕೆಳಗೆ ಇಳಿದು ಕೂತಿದ್ದ ಸೆಲ್ಲನ್ನು ಬದುಕಿಸಲು ಹೋಗಬೇಡಿ. ಅಷ್ಟು ಕೆಳಗೆ ಹೋದಾಗ ಒಳಗಿನ ತಾಮ್ರದ ಹಾಳೆ ಕರಗಲು ಶುರುವಾಗುತ್ತದೆ, ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಮಾಡಬಲ್ಲದು. ಮೇಲಿಂದ ನೋಡಿದರೆ ಸೆಲ್ ಚೆನ್ನಾಗಿಯೇ ಕಾಣುತ್ತದೆ, ಚಾರ್ಜ್ ಕೂಡ ಆಗುತ್ತದೆ, ಅದೇ ಅಪಾಯ. ತುಕ್ಕು, ತಗ್ಗು, ಅಂಟಂಟು, ಉಗುರುಬಣ್ಣ ತೆಗೆಯುವ ದ್ರವದಂಥ ಸಿಹಿ ವಾಸನೆ, ಇದರಲ್ಲಿ ಯಾವುದಿದ್ದರೂ ಅದು ಹೊರಗೆ.

ಉಳಿದವನ್ನು 4.2ಕ್ಕೆ ತುಂಬಿ ಒಂದು ತಿಂಗಳು ಬದಿಗಿಡಿ. ಹೌದು, ಒಂದು ತಿಂಗಳು. ಚಾರ್ಜ್ ಆಗುವಾಗ ಬಿಸಿಯಾದದ್ದನ್ನು ಆಗಲೇ ತೆಗೆದುಹಾಕಿ. ತಿಂಗಳು ಕಳೆದ ಮೇಲೆ 4.1ಕ್ಕಿಂತ ಕೆಳಗೆ ಬಂದದ್ದು ತನ್ನಷ್ಟಕ್ಕೇ ಸೋರುತ್ತಿದೆ ಅಂತ ಅರ್ಥ. ಉಳಿದವುಗಳ ಸಾಮರ್ಥ್ಯವನ್ನು ಸಾಮರ್ಥ್ಯ ಅಳೆಯುವ ಚಾರ್ಜರಿನಲ್ಲಿ ನೋಡಿ, ಮೂಲ ಅಂಕಿಯ 80 ಪರ್ಸೆಂಟಿಗಿಂತ ಕಡಿಮೆ ಇರುವವನ್ನು ಬಿಡಿ. ಇಷ್ಟೆಲ್ಲ ಮಾಡುವ ವ್ಯವಧಾನ ಇಲ್ಲ ಅನ್ನುವವರು ಹೊಸದನ್ನೇ ಕೊಳ್ಳಿ, ಅದೇ ಅಗ್ಗ ಬೀಳುತ್ತದೆ. ಮತ್ತೆ, ಲ್ಯಾಪ್‌ಟಾಪ್ ಸೆಲ್ ಜಾಸ್ತಿ ಕರೆಂಟ್ ಕೊಡುವ ಜಾತಿಯದಲ್ಲ ಅನ್ನುವುದೂ ಗೊತ್ತಿರಲಿ.

ಫೋನಿನಲ್ಲಿರುವಂಥ ಚಪ್ಪಟೆ ಪೌಚ್ ಸೆಲ್ ಮೊದಲ ಕೆಲಸಕ್ಕೆ ಬೇಡ. ಅದಕ್ಕೆ ಗಟ್ಟಿ ಡಬ್ಬಿಯೇ ಇಲ್ಲ, ಉಗುರು ತಾಗಿದರೂ ಭಯ.

## ಮೇಜು ಸಿದ್ಧಮಾಡುವುದು

ಉಂಗುರ, ಬಳೆ, ವಾಚ್, ಕತ್ತಿನ ಸರ ಎಲ್ಲ ತೆಗೆದಿಡಿ. ಇದು ಒಣ ಉಪದೇಶ ಅಂತ ತಳ್ಳಿಹಾಕಬೇಡಿ. ಒಂದು ಸೆಲ್ಲಿನ ಒಳರೋಧ 20 ಮಿಲಿ ಓಮ್ ಅಂತಿಟ್ಟುಕೊಳ್ಳಿ. 4 ವೋಲ್ಟನ್ನು 0.02ರಿಂದ ಭಾಗಿಸಿದರೆ 200 ಆಂಪ್. ಅಷ್ಟು ಪೂರ್ತಿ ಬರದಿದ್ದರೂ, ಅರ್ಧ ಬಂದರೂ ಉಂಗುರ ಕ್ಷಣದಲ್ಲಿ ಕಾದು ಬೆರಳಿಗೆ ಅಂಟುತ್ತದೆ. ವೋಲ್ಟೇಜ್ ಕಡಿಮೆ, ಶಾಕ್ ಹೊಡೆಯಲ್ಲ ಅನ್ನುವುದು ನಿಜ. ಸುಡುವುದಕ್ಕೆ ವೋಲ್ಟೇಜ್ ಬೇಡ, ಕರೆಂಟ್ ಸಾಕು.

ಮೇಜು ಮರದ್ದಾಗಿರಲಿ, ಲೋಹದ್ದು ಬೇಡ. ಇಕ್ಕಳ, ಕತ್ತರಿ, ಸ್ಕ್ರೂಡ್ರೈವರ್ ಇವುಗಳ ತುದಿ ಬಿಟ್ಟು ಮಿಕ್ಕ ಭಾಗಕ್ಕೆಲ್ಲ ಇನ್ಸುಲೇಶನ್ ಟೇಪ್ ಸುತ್ತಿ. ಕನ್ನಡಕ ಹಾಕಿಕೊಳ್ಳಿ, ಸ್ಪಾಟ್ ವೆಲ್ಡಿಂಗ್ (ಕ್ಷಣಮಾತ್ರ ಕರೆಂಟ್ ಹಾಯಿಸಿ ಪಟ್ಟಿಯನ್ನು ಸೆಲ್ಲಿಗೆ ಬೆಸೆಯುವುದು) ಮಾಡುವಾಗ ಕಿಡಿ ಕಣ್ಣಿಗೇ ಹಾರುತ್ತದೆ. ಸಾಮಾನುಗಳ ಪೈಕಿ ಮಲ್ಟಿಮೀಟರ್, ಸ್ಪಾಟ್ ವೆಲ್ಡರ್, ಸೋಲ್ಡರಿಂಗ್ ಐರನ್, ಸೆಲ್ಲುಗಳನ್ನು ಜೋಡಿಸುವ ನಿಕಲ್ ಪಟ್ಟಿ, ಸೆಲ್ ಹೋಲ್ಡರ್, ಕಾವು ತಡೆಯುವ ಕ್ಯಾಪ್ಟಾನ್ ಟೇಪ್, ಫಿಶ್ ಪೇಪರ್ (ಕರೆಂಟ್ ತಡೆಯುವ ದಪ್ಪ ಕಾಗದ), ಸಿಲಿಕೋನ್ ವೈರ್, ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಬೇಕು. ಪಕ್ಕದಲ್ಲಿ ಒಂದು ಬಕೆಟ್ ನೀರು ಇರಲಿ, ಹೊರಗೆ ಹೋಗುವ ದಾರಿಯಲ್ಲಿ ಏನೂ ಅಡ್ಡ ಇರದಿರಲಿ.

ನಿಕಲ್ ಪಟ್ಟಿಯಲ್ಲೂ ಮೋಸ ಇದೆ. ಕಬ್ಬಿಣದ ಪಟ್ಟಿಗೆ ನಿಕಲ್ ಲೇಪಿಸಿ ಶುದ್ಧ ನಿಕಲ್ ಅಂತ ಮಾರುತ್ತಾರೆ. ಲೇಪನದ ಪಟ್ಟಿಗೆ ರೋಧ ಜಾಸ್ತಿ, ಬಿಸಿಯಾಗುತ್ತದೆ, ಮುಂದೆ ತುಕ್ಕೂ ಹಿಡಿಯುತ್ತದೆ. ಒಂದು ತುಂಡನ್ನು ಅರದಿಂದ ಚೆನ್ನಾಗಿ ಉಜ್ಜಿ, ಉಪ್ಪುನೀರಿನಲ್ಲಿ ಒಂದೆರಡು ದಿನ ಬಿಡಿ. ಕಂದು ಬಣ್ಣ ಬಂದರೆ ಗುಟ್ಟು ರಟ್ಟಾಯಿತು. ಅಯಸ್ಕಾಂತ ಹಿಡಿದು ನೋಡಿ ಅಂತ ಕೆಲವರು ಹೇಳುತ್ತಾರೆ, ಆದರೆ ನಿಕಲ್ ಕೂಡ ಅಯಸ್ಕಾಂತಕ್ಕೆ ಅಂಟುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ.

## ಸೆಲ್ಲಿನ ತಲೆಯನ್ನು ಒಮ್ಮೆ ಹತ್ತಿರದಿಂದ ನೋಡಿ

ಒಂದು ಸೆಲ್ ಕೈಗೆ ತೆಗೆದುಕೊಂಡು ಪ್ಲಸ್ ಕಡೆಯನ್ನು ದೀಪದ ಕೆಳಗೆ ಹಿಡಿಯಿರಿ. ನಡುವೆ ಒಂದು ಬಟ್ಟು, ಅದು ಪ್ಲಸ್. ಅದರ ಸುತ್ತ ಒಂದು ಸಣ್ಣ ಕಂದಕ. ಕಂದಕದ ಆಚೆ ಅಂಚು. ಆ ಅಂಚು ಯಾವುದು ಹೇಳಿ? ಮೈನಸ್. ತಳ ಮಾತ್ರವಲ್ಲ, ಇಡೀ ಉಕ್ಕಿನ ಡಬ್ಬಿಯೇ ಮೈನಸ್, ಅದೇ ಡಬ್ಬಿ ಮೇಲೆ ಬಂದು ಪ್ಲಸ್ ಬಟ್ಟನ್ನು ಸುತ್ತುವರಿದು ಮಡಚಿಕೊಂಡಿದೆ. ಪ್ಲಸ್ಸಿಗೂ ಮೈನಸ್ಸಿಗೂ ನಡುವೆ ಇರುವುದು ಮಿಲಿಮೀಟರ್ ಲೆಕ್ಕದ ಜಾಗ, ಅಂಚಿನ ಮೇಲೆ ತೆಳ್ಳನೆ ಪ್ಲಾಸ್ಟಿಕ್ ಹೊದಿಕೆ. ಆ ಅಂಚಿನ ಮೇಲೇ ನಾವು ನಿಕಲ್ ಪಟ್ಟಿ ಹಾಯಿಸಿ ವೆಲ್ಡ್ ಮಾಡುವುದು!

ಪಟ್ಟಿ ಅಲ್ಲಾಡುತ್ತಾ ಅಲ್ಲಾಡುತ್ತಾ ಆ ಹೊದಿಕೆಯನ್ನು ಸವೆಸಿದರೆ ಒಂದು ದಿನ ಶಾರ್ಟ್. ಅದಕ್ಕೇ ಪ್ರತಿ ಸೆಲ್ಲಿನ ತಲೆಗೂ ಅಂಟು ಹಚ್ಚಿದ ಫಿಶ್ ಪೇಪರ್ ಬಳೆಯೊಂದನ್ನು ಕೂರಿಸಬೇಕು. ಹನ್ನೆರಡು ಬಳೆ, ಹತ್ತು ನಿಮಿಷದ ಕೆಲಸ. ಇದನ್ನು ಬಿಟ್ಟ ಪ್ಯಾಕನ್ನು ನಾನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಸೆಲ್ಲಿನ ಮೈಮೇಲಿನ ಹೊದಿಕೆ ಎಲ್ಲಾದರೂ ಹರಿದಿದ್ದರೆ ಹೊಸ ಹೊದಿಕೆ ಹಾಕಿ, ಟೇಪ್ ಸುತ್ತಿ ಮುಗಿಸಬೇಡಿ.

## ಜೋಡಿಸುವುದು, ವೆಲ್ಡ್ ಮಾಡುವುದು

ಪ್ಯಾರಲಲ್ಲಿಗೆ ಸೇರುವ ಮೂರೂ ಸೆಲ್ಲುಗಳ ವೋಲ್ಟೇಜ್ ಒಂದೇ ಇರಬೇಕು, ವ್ಯತ್ಯಾಸ 0.05 ವೋಲ್ಟ್ ಒಳಗಿದ್ದರೆ ಸರಿ. 4.1 ಇರುವ ಸೆಲ್ಲಿಗೆ 3.3 ಇರುವುದನ್ನು ಸೇರಿಸಿದರೆ, ಎರಡರ ಒಳರೋಧ ಸೇರಿ 40 ಮಿಲಿ ಓಮ್ ಅಂತ ಹಿಡಿದರೂ 20 ಆಂಪ್ ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಅದನ್ನು ಯಾರೂ ತಡೆಯಲಾಗದು, ಬಿಎಂಎಸ್ಸಿಗೆ ಅದು ಕಾಣುವುದೂ ಇಲ್ಲ. ವ್ಯತ್ಯಾಸ ಇದ್ದರೆ ಒಂದೊಂದನ್ನೂ ಚಾರ್ಜರಿನಲ್ಲಿ ಹಾಕಿ ಸಮಕ್ಕೆ ತನ್ನಿ. ವೆಲ್ಡ್ ಮಾಡುವಾಗ ಸೆಲ್ಲುಗಳು ಪೂರ್ತಿ ತುಂಬಿರುವುದು ಬೇಡ, 3.5 ಸುತ್ತ ಇದ್ದರೆ ಒಳ್ಳೆಯದು. ಏನಾದರೂ ಎಡವಟ್ಟಾದರೆ ಒಳಗಿರುವ ಶಕ್ತಿ ಅಷ್ಟರ ಮಟ್ಟಿಗೆ ಕಡಿಮೆ.

ಹೋಲ್ಡರಿನಲ್ಲಿ ಮೂರು ಮೂರರ ನಾಲ್ಕು ಸಾಲು. ಒಂದನೇ ಸಾಲು ಪ್ಲಸ್ ಮೇಲೆ, ಎರಡನೆಯದು ಮೈನಸ್ ಮೇಲೆ, ಮೂರನೆಯದು ಪ್ಲಸ್ ಮೇಲೆ, ನಾಲ್ಕನೆಯದು ಮೈನಸ್ ಮೇಲೆ. ಈಗ ಮೇಲ್ಭಾಗದಲ್ಲಿ ಒಂದು-ಎರಡನೇ ಸಾಲು ಸೇರುತ್ತವೆ, ಮೂರು-ನಾಲ್ಕನೇ ಸಾಲು ಸೇರುತ್ತವೆ. ತಳಭಾಗದಲ್ಲಿ ನಡುವಿನ ಎರಡು-ಮೂರು ಸೇರುತ್ತವೆ, ಒಂದನೇ ಸಾಲು ಒಂಟಿಯಾಗಿ ಪ್ಯಾಕಿನ ಮೈನಸ್ ಆಗುತ್ತದೆ, ನಾಲ್ಕನೆಯದು ಒಂಟಿಯಾಗಿ ಪ್ಲಸ್ ಆಗುತ್ತದೆ. ಸೆಲ್ ಕೂರಿಸಿದ ಮೇಲೆ ಫೋಟೋ ತೆಗೆದು, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು, ಮತ್ತೆ ಬಿಡಿಸಿದ ಚಿತ್ರದ ಜೊತೆ ಹೋಲಿಸಿ. ಒಂದೇ ಒಂದು ಸೆಲ್ ತಲೆಕೆಳಗಾಗಿದ್ದರೂ ಆ ಗುಂಪಿನ ಎರಡೂ ತುದಿಗೆ ಪಟ್ಟಿ ಬೀಳುತ್ತಿದ್ದಂತೆ ಶಾರ್ಟ್.

ಸ್ಪಾಟ್ ವೆಲ್ಡರ್ ಇಲ್ಲ, ಸೋಲ್ಡರ್ ಮಾಡಿಬಿಡಲೇ? ಬೇಡ. ಸೋಲ್ಡರಿಂಗ್ ಐರನ್ನಿನ ಕಾವು ಕೆಲವು ಸೆಕೆಂಡು ಸೆಲ್ಲಿನ ಮೇಲೆ ಕೂತರೆ ಒಳಗಿನ ತೆಳು ಪ್ಲಾಸ್ಟಿಕ್ ಪರದೆಗೂ ತಲೆಯ ಸೀಲಿಗೂ ಪೆಟ್ಟು. ಪಾಲಿಎಥಿಲೀನ್ ಪರದೆ 130 ಡಿಗ್ರಿ ಸುಮಾರಿಗೆ ಕರಗುತ್ತದೆ, ಐರನ್ ತುದಿ 350 ಡಿಗ್ರಿ ಇರುತ್ತದೆ. ಸ್ಪಾಟ್ ವೆಲ್ಡಿಂಗ್ ಕೆಲವೇ ಮಿಲಿ ಸೆಕೆಂಡಿನ ಕೆಲಸ, ಕಾವು ಒಳಕ್ಕೆ ಇಳಿಯಲು ಸಮಯವೇ ಸಿಗುವುದಿಲ್ಲ. ವೈರುಗಳನ್ನು ಪಟ್ಟಿಗೆ ಸೋಲ್ಡರ್ ಮಾಡಲೇಬೇಕಲ್ಲ, ಅದನ್ನು ಪಟ್ಟಿ ಇನ್ನೂ ಮೇಜಿನ ಮೇಲೆ ಇರುವಾಗಲೇ ಮುಗಿಸಿ, ಆಮೇಲೆ ಆ ಪಟ್ಟಿಯನ್ನು ಸೆಲ್ಲಿಗೆ ವೆಲ್ಡ್ ಮಾಡಿ. ನಡುವಿನ ಪಟ್ಟಿಗಳಿಗೆ ಬರುವ ತೆಳು ಬ್ಯಾಲೆನ್ಸ್ ವೈರುಗಳಿಗೂ (ಒಂದೊಂದು ಗುಂಪಿನ ವೋಲ್ಟೇಜ್ ಬಿಎಂಎಸ್ಸಿಗೆ ತಿಳಿಸುವವು) ಇದೇ ಮಾತು, ಅವುಗಳ ಇನ್ನೊಂದು ತುದಿಗೆ ಟೇಪ್ ಹಾಕಿ ಮುಚ್ಚಿಡಿ.

ವೆಲ್ಡರಿನ ಶಕ್ತಿ ಎಷ್ಟಿಡಬೇಕು ಅಂತ ಒಂದು ಸತ್ತ ಸೆಲ್ಲಿನ ಮೇಲೆ ನೋಡಿಕೊಳ್ಳಿ. ವೆಲ್ಡ್ ಮಾಡಿದ ಪಟ್ಟಿಯನ್ನು ಇಕ್ಕಳದಿಂದ ಎಳೆಯಿರಿ. ಪಟ್ಟಿಯೇ ಹರಿದು ಚುಕ್ಕೆಗಳಷ್ಟು ನಿಕಲ್ ಸೆಲ್ ಮೇಲೆ ಉಳಿದರೆ ವೆಲ್ಡ್ ಚೆನ್ನಾಗಿದೆ. ನಯವಾಗಿ ಎದ್ದುಬಂದರೆ ಶಕ್ತಿ ಸಾಲದು. ಕರಗಿ ತೂತು ಬಿದ್ದರೆ ಅಥವಾ ಜೋರಾಗಿ ಕಿಡಿ ಹಾರಿದರೆ ಜಾಸ್ತಿಯಾಯಿತು. ಮೈನಸ್ ಕಡೆ ವಿಶೇಷ ಎಚ್ಚರ ಬೇಕು, ಅಲ್ಲಿ ಡಬ್ಬಿಯ ಗೋಡೆಯ ಆಚೆಗೇ ಒಳಗಿನ ಸುರುಳಿ ಇದೆ. ಸೆಲ್ ಒಂದಕ್ಕೆ ನಾಲ್ಕರಿಂದ ಆರು ಚುಕ್ಕೆ ಇರಲಿ, ನಟ್ಟನಡುವೆ ಬೇಡ, ಸ್ವಲ್ಪ ಬದಿಗೆ.

ಪಟ್ಟಿ ಹಾಕುವ ದಿಕ್ಕಿನ ಬಗ್ಗೆ ಎಷ್ಟೋ ಜನ ಯೋಚಿಸುವುದೇ ಇಲ್ಲ. ಒಂದು ಗುಂಪಿನ ಒಳಗೆ ಸೆಲ್ಲಿನಿಂದ ಸೆಲ್ಲಿಗೆ ಹರಿಯುವ ಕರೆಂಟ್ ತೀರಾ ಕಡಿಮೆ. ನಿಜವಾದ ಭಾರ ಬೀಳುವುದು ಗುಂಪಿನಿಂದ ಗುಂಪಿಗೆ. ಹಾಗಾಗಿ ಮೂರು ಸೆಲ್ಲಿಗೆ ಮೂರು ಅಡ್ಡಪಟ್ಟಿ ಬೇಕು, ಒಂದೊಂದು ಸೆಲ್ಲಿನಿಂದ ಎದುರಿನ ಸೆಲ್ಲಿಗೆ ನೇರವಾಗಿ. ಆಗ 10 ಆಂಪ್ ಮೂರು ಪಾಲಾಗಿ 3.3 ಆಂಪ್ ಆಗುತ್ತದೆ, 0.15 ಮಿಲಿಮೀಟರ್ ದಪ್ಪ, 8 ಮಿಲಿಮೀಟರ್ ಅಗಲದ ಶುದ್ಧ ನಿಕಲ್ ಪಟ್ಟಿ ಅದನ್ನು ಆರಾಮಾಗಿ ಹೊರುತ್ತದೆ. ಎಲ್ಲವೂ ಒಂದು ವೈರಿಗೆ ಬಂದು ಸೇರುವ ಎರಡು ಕೊನೆಗಳಲ್ಲಿ ಮಾತ್ರ ಎರಡು ಪದರ ಹಾಕಿ.

ಈಗ ಕ್ರಮ. ಮೊದಲು ಮೇಲ್ಭಾಗದ ಎರಡೂ ಪಟ್ಟಿ. ಮುಗಿದ ಕೂಡಲೇ ಇಡೀ ಮೇಲ್ಭಾಗಕ್ಕೆ ಫಿಶ್ ಪೇಪರ್ ಮುಚ್ಚಿ ಟೇಪ್ ಹಾಕಿ, ಆಮೇಲೆ ತಿರುಗಿಸಿ. ತಳಭಾಗದಲ್ಲಿ ಒಂದನೇ ಸಾಲಿನ ಪಟ್ಟಿ ಹಾಕಿ, ಮುಚ್ಚಿ. ನಡುವಿನದು ಹಾಕಿ, ಮುಚ್ಚಿ. ಪ್ಲಸ್ ಪಟ್ಟಿ ಕಟ್ಟಕಡೆಗೆ. ಯಾಕೆಂದರೆ ಪ್ಯಾಕಿನ ಎರಡೂ ಕೊನೆಗಳು ಇರುವುದು ಈ ತಳಭಾಗದಲ್ಲೇ, ಪೂರ್ತಿ ವೋಲ್ಟೇಜ್ ಕೆಲವೇ ಸೆಂಟಿಮೀಟರ್ ಅಂತರದಲ್ಲಿ ಎದುರುಬದುರು ಕೂತಿರುತ್ತದೆ.

ನನ್ನ ಮೂರನೇ ಪ್ಯಾಕಿನಲ್ಲಿ ನಾನು ಮುಚ್ಚದೆ ತಿರುಗಿಸಿದೆ. ಎರಡು ಪ್ಯಾಕ್ ಸಲೀಸಾಗಿ ಮುಗಿದಿದ್ದವಲ್ಲ, ಧೈರ್ಯ ಬಂದಿತ್ತು. ಮೇಜಿನ ಮೇಲೆ ಕತ್ತರಿಸಿ ಉಳಿದ ಪಟ್ಟಿಯ ಚೂರೊಂದು ಬಿದ್ದಿದ್ದು ಕಣ್ಣಿಗೇ ಬಿದ್ದಿರಲಿಲ್ಲ, ಪ್ಯಾಕನ್ನು ಅದರ ಮೇಲೇ ಒತ್ತಿ ಇಟ್ಟೆ. ಟಪ್ ಅಂತ ಒಂದು ಸದ್ದು, ಸುಟ್ಟ ಮರದ ವಾಸನೆ. ಎತ್ತಿ ನೋಡಿದರೆ ಆ ಚೂರು ನಡುವೆ ಕರಗಿ ಎರಡಾಗಿತ್ತು, ಅದರಿಂದಲೇ ಬಚಾವಾದೆ. ದಪ್ಪ ಪಟ್ಟಿಯಾಗಿದ್ದರೆ ಕರಗದೆ ಹಾಗೇ ಕೆಂಪಗೆ ಕಾಯುತ್ತಾ ಇರುತ್ತಿತ್ತು. ಆ ಮೇಜಿನ ಮೇಲೆ ಬೆರಳುದ್ದದ ಕಪ್ಪು ಗೆರೆ ಈಗಲೂ ಇದೆ. ಅಂದಿನಿಂದ ಪಟ್ಟಿ ಕತ್ತರಿಸುವ ಕೆಲಸ ಬೇರೆ ಮೇಜಿನಲ್ಲಿ, ಚೂರುಗಳು ನೇರ ಡಬ್ಬಿಗೆ.

## ಬಿಎಂಎಸ್

ಬಿಎಂಎಸ್ ಮಾಡುವುದು ಇಷ್ಟು: ಯಾವ ಗುಂಪಾದರೂ 4.25 ಸುಮಾರಿಗೆ ಏರಿದರೆ ಚಾರ್ಜಿಂಗ್ ನಿಲ್ಲಿಸುತ್ತದೆ, 2.5ರಿಂದ 2.8ರ ಹತ್ತಿರ ಇಳಿದರೆ ಲೋಡ್ ಕಡಿಯುತ್ತದೆ, ಶಾರ್ಟ್ ಆದರೆ ಕಡಿಯುತ್ತದೆ, ಬ್ಯಾಲೆನ್ಸಿಂಗ್ ಇರುವಂಥದ್ದಾದರೆ ತುಂಬಿದ ಗುಂಪಿನಿಂದ ಸ್ವಲ್ಪ ಸ್ವಲ್ಪವೇ ಕರಗಿಸಿ ಸಮ ಮಾಡುತ್ತದೆ. ಆ ಸ್ವಲ್ಪ ಅಂದರೆ ಸಾಮಾನ್ಯವಾಗಿ ಹತ್ತಾರು ಮಿಲಿ ಆಂಪ್ ಮಾತ್ರ. ಕೆಟ್ಟ ಸೆಲ್ಲನ್ನು ಅದು ಒಳ್ಳೆಯದು ಮಾಡುವುದಿಲ್ಲ.

ಇನ್ನೊಂದು ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಬಿಎಂಎಸ್ ಇರುವುದು ಕೊನೆಯ ಕಾವಲಿಗೆ, ದಿನನಿತ್ಯದ ಕೆಲಸಕ್ಕಲ್ಲ. ಚಾರ್ಜರ್ ತಾನಾಗಿಯೇ 16.8ಕ್ಕೆ ನಿಲ್ಲಬೇಕು, ಉಪಕರಣ ತಾನಾಗಿಯೇ 12ರ ಹತ್ತಿರ ನಿಲ್ಲಬೇಕು, ಅವೆರಡೂ ಕೈಕೊಟ್ಟ ದಿನ ಬಿಎಂಎಸ್ ಎದ್ದು ಬರಬೇಕು. ಹೇಗೂ ಬಿಎಂಎಸ್ ಇದೆಯಲ್ಲ ಅಂತ 19 ವೋಲ್ಟಿನ ಲ್ಯಾಪ್‌ಟಾಪ್ ಅಡಾಪ್ಟರ್ ಚುಚ್ಚುವವರಿದ್ದಾರೆ. ಬಿಎಂಎಸ್ಸಿನೊಳಗೆ ಕರೆಂಟ್ ಕಡಿಯುವ ಸ್ವಿಚ್ಚಾದ ಮಾಸ್‌ಫೆಟ್ ಒಂದು ಶಾರ್ಟ್ ಆಗಿ ಕೂತರೆ ತಡೆಯುವವರು ಯಾರೂ ಇಲ್ಲ.

ಸೆಲ್ ಬಗೆ, ಗುಂಪುಗಳ ಸಂಖ್ಯೆ ಎರಡೂ ಹೊಂದುವ ಬಿಎಂಎಸ್ಸನ್ನೇ ತನ್ನಿ. ನಮಗೆ 10 ಆಂಪ್ ಬೇಕಾದರೆ 20 ಆಂಪಿನದು ಇರಲಿ. ಅದರ ಜೊತೆ ಬಂದ ಚಿತ್ರವೇ ಅಂತಿಮ, ಕ್ರಮ ಬೇರೆ ಹೇಳಿದ್ದರೆ ಅದನ್ನೇ ಅನುಸರಿಸಿ. ಸಾಮಾನ್ಯವಾಗಿ ನಡೆಯುವುದು ಹೀಗೆ: ಪ್ಯಾಕಿನ ಮೈನಸ್‌ನಿಂದ ದಪ್ಪ ವೈರ್ ಬೋರ್ಡಿನ ಮೇಲೆ ಬಿ ಮೈನಸ್ (B-) ಅಂತ ಬರೆದ ಜಾಗಕ್ಕೆ ಮೊದಲು. ಆಮೇಲೆ ಬ್ಯಾಲೆನ್ಸ್ ವೈರುಗಳು: ಸೊನ್ನೆಯದು ಒಂದನೇ ಸಾಲಿನ ಮೈನಸ್ಸಿಗೆ, ಒಂದನೆಯದು ಮೇಲ್ಭಾಗದ ಮೊದಲ ಪಟ್ಟಿಗೆ, ಎರಡನೆಯದು ತಳದ ನಡುಪಟ್ಟಿಗೆ, ಮೂರನೆಯದು ಮೇಲ್ಭಾಗದ ಎರಡನೇ ಪಟ್ಟಿಗೆ, ನಾಲ್ಕನೆಯದು ಪ್ಯಾಕಿನ ಪ್ಲಸ್ಸಿಗೆ. ಕನೆಕ್ಟರನ್ನು ಇನ್ನೂ ಬೋರ್ಡಿಗೆ ಚುಚ್ಚಬೇಡಿ.

ಮೀಟರಿನ ಕಪ್ಪು ಮೊನೆಯನ್ನು ಸೊನ್ನೆ ವೈರಿನ ಪಿನ್ನಿಗೆ ಹಿಡಿದು, ಕೆಂಪು ಮೊನೆಯನ್ನು ಒಂದೊಂದೇ ಪಿನ್ನಿಗೆ ಮುಟ್ಟಿಸುತ್ತಾ ಹೋಗಿ. ಸೆಲ್ 3.6ರಲ್ಲಿದ್ದರೆ 3.6, 7.2, 10.8, 14.4 ಅಂತ ಮೆಟ್ಟಿಲು ಹತ್ತಿದ ಹಾಗೆ ಬರಬೇಕು. ಒಂದು ಮೆಟ್ಟಿಲು ತಪ್ಪಿದರೂ, ಮೈನಸ್ ಗುರುತು ಕಂಡರೂ ವೈರ್ ಅದಲು ಬದಲಾಗಿದೆ. ಹಾಗೇ ಚುಚ್ಚಿದರೆ ಬೋರ್ಡ್ ಸುಡುತ್ತದೆ, ಒಮ್ಮೊಮ್ಮೆ ಸುಟ್ಟದ್ದು ಹೊರಗೆ ಕಾಣುವುದೇ ಇಲ್ಲ. ಮೀಟರಿನ ಎರಡು ಮೊನೆಗಳು ಅಕ್ಕಪಕ್ಕದ ಪಿನ್ನುಗಳನ್ನು ಸೇರಿಸದಂತೆ ಕೈ ಗಟ್ಟಿಯಾಗಿರಲಿ. ಎಲ್ಲ ಸರಿ ಇದ್ದರೆ ಚುಚ್ಚಿ. ಹೊರಗಡೆ ಏನೂ ವೋಲ್ಟೇಜ್ ಬರಲಿಲ್ಲ ಅಂತ ಗಾಬರಿಯಾಗಬೇಡಿ, ಕೆಲವು ಬಿಎಂಎಸ್ಸುಗಳು ಚಾರ್ಜರ್ ಒಮ್ಮೆ ಹಾಕಿದ ಮೇಲೇ ಎಚ್ಚರವಾಗುವುದು.

ಬೋರ್ಡನ್ನು ನೇರವಾಗಿ ಸೆಲ್ಲುಗಳ ಮೇಲೆ ಕೂರಿಸಬೇಡಿ. ನಡುವೆ ಫಿಶ್ ಪೇಪರ್ ಅಥವಾ ಎಫ್ಆರ್4 ಹಾಳೆ (ಸರ್ಕಿಟ್ ಬೋರ್ಡ್ ಮಾಡುವ ಗಟ್ಟಿ ಫೈಬರ್ ಹಾಳೆ) ಇರಲಿ. ಅದರ ಜೊತೆ ತಾಪ ಅಳೆಯುವ ತಂತಿ ಬಂದಿದ್ದರೆ ಅದನ್ನು ನಡುವಿನ ಎರಡು ಸೆಲ್ಲುಗಳ ಸಂದಿಯಲ್ಲಿ ಇಡಿ, ಪ್ಯಾಕ್ ಜಾಸ್ತಿ ಬಿಸಿಯಾಗುವುದು ಅಲ್ಲೇ.

## ಫ್ಯೂಸ್, ಹೊದಿಕೆ

ಪ್ಲಸ್ ವೈರಿನಲ್ಲಿ, ಪ್ಯಾಕಿಗೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟು ಹತ್ತಿರ ಒಂದು 15 ಆಂಪ್ ಫ್ಯೂಸ್. ಬಿಎಂಎಸ್ ಇದ್ದರೂ ಬೇಕು. ಫ್ಯೂಸಿನಿಂದ ಆಚೆಗಿನ ವೈರ್ ಫ್ಯೂಸಿಗಿಂತ ಜಾಸ್ತಿ ಹೊರುವಂಥದ್ದಾಗಿರಬೇಕು, ಇಲ್ಲದಿದ್ದರೆ ಫ್ಯೂಸಿಗಿಂತ ಮೊದಲು ವೈರೇ ಸುಟ್ಟುಹೋಗುತ್ತದೆ. ಡಿಸಿಗೆ ಅಂತಲೇ ಮಾಡಿದ ಫ್ಯೂಸ್ ಬೇಕು, ಅದರ ಮೇಲೆ ಬರೆದ ಡಿಸಿ ವೋಲ್ಟೇಜ್ 16.8ಕ್ಕಿಂತ ಹೆಚ್ಚಿರಬೇಕು. ವಾಹನಗಳಲ್ಲಿ ಬರುವ 32 ವೋಲ್ಟಿನ ಬ್ಲೇಡ್ ಫ್ಯೂಸ್ ನಮಗೆ ಸಾಕು.

ಎಕ್ಸ್‌ಟಿ60 ಕನೆಕ್ಟರ್ ಹಾಕುವುದಾದರೆ ಲೋಹ ಒಳಗೆ ಅಡಗಿರುವ ಹೆಣ್ಣು ತುದಿ ಬ್ಯಾಟರಿ ಕಡೆಗೆ. ಎರಡು ವೈರುಗಳನ್ನು ಒಟ್ಟಿಗೆ ಕತ್ತರಿಸುವುದು, ಒಟ್ಟಿಗೆ ಸುಲಿಯುವುದು ಮಾಡಬೇಡಿ, ಒಂದನ್ನು ಪೂರ್ತಿ ಮುಗಿಸಿ ಮುಚ್ಚಿ ಆಮೇಲೆ ಇನ್ನೊಂದು.

ಎಲ್ಲ ಕಡೆ ಫಿಶ್ ಪೇಪರ್, ಅದರ ಮೇಲೆ ಪಿವಿಸಿ ಹೀಟ್ ಶ್ರಿಂಕ್. ಬಿಸಿಗಾಳಿಯನ್ನು ಒಂದೇ ಕಡೆ ಹಿಡಿಯದೆ ಆಡಿಸುತ್ತಾ ಇರಿ. ಶ್ರಿಂಕ್ ಒಂದೇ ಸಾಲದು, ಹೊರಗೆ ಗಟ್ಟಿ ಪೆಟ್ಟಿಗೆ ಬೇಕು. ಪೆಟ್ಟಿಗೆಯ ಸ್ಕ್ರೂ ಎಷ್ಟು ಒಳಕ್ಕೆ ಬರುತ್ತದೆ ಅಂತ ಅಳೆದು ನೋಡಿ. ವೈರ್ ಹೊರಬರುವ ತೂತಿಗೆ ರಬ್ಬರ್ ಬಳೆ ಹಾಕಿ. ಪೆಟ್ಟಿಗೆ ಗಾಳಿಯಾಡದ ಹಾಗೆ ಬಿಗಿಯಾಗಿ ಇರುವುದು ಬೇಡ, ಸೆಲ್ ಅನಿಲ ಬಿಟ್ಟರೆ ಅದು ಹೊರಹೋಗಲು ದಾರಿ ಇರಬೇಕು.

## ಮೊದಲ ಚಾರ್ಜ್

ಹೀಟ್ ಶ್ರಿಂಕ್ ಹಾಕುವ ಮುಂಚೆಯೇ ಒಮ್ಮೆ ಪೂರ್ತಿ ಚಾರ್ಜ್, ಪೂರ್ತಿ ಡಿಸ್ಚಾರ್ಜ್ ಮಾಡಿ ನೋಡುವುದು ನನ್ನ ಪದ್ಧತಿ. ಏನಾದರೂ ತಪ್ಪಿದ್ದರೆ ಬಿಚ್ಚುವುದು ಸುಲಭ.

ಚಾರ್ಜರ್ ಸಿಸಿ-ಸಿವಿ ಬಗೆಯದೇ ಬೇಕು, 16.8 ವೋಲ್ಟ್. ಅಂದರೆ ಮೊದಲು ಒಂದೇ ಕರೆಂಟಿನಲ್ಲಿ ತುಂಬಿ, 16.8 ಮುಟ್ಟಿದ ಮೇಲೆ ವೋಲ್ಟೇಜ್ ಹಾಗೇ ಹಿಡಿದು ಕರೆಂಟನ್ನು ಇಳಿಸುತ್ತಾ ಬಂದು ನಿಲ್ಲುವಂಥದ್ದು. ಲೆಡ್ ಆಸಿಡ್ ಚಾರ್ಜರ್ ನಡೆಯುವುದಿಲ್ಲ. ನಮ್ಮ 7.5 ಆಂಪ್ ಅವರ್ ಪ್ಯಾಕಿಗೆ 3.75 ಆಂಪ್ ಒಳಗಿದ್ದರೆ ಒಳ್ಳೆಯದು, ಮೊದಲ ಸಲ 1 ಆಂಪ್ ಸಾಕು. ಸುಡದ ನೆಲದ ಮೇಲೆ ಇಡಿ, ಪಕ್ಕದಲ್ಲೇ ಕೂತಿರಿ. ಅರ್ಧ ಗಂಟೆಗೊಮ್ಮೆ ನಾಲ್ಕೂ ಗುಂಪುಗಳ ವೋಲ್ಟೇಜ್ ಬರೆದುಕೊಳ್ಳಿ. ಹೊಸ ಸೆಲ್ಲುಗಳಲ್ಲಿ ವ್ಯತ್ಯಾಸ 0.02, 0.03 ಒಳಗೆ ಇರುತ್ತದೆ. ಒಂದು ಗುಂಪು ಮಿಕ್ಕವನ್ನು ಬಿಟ್ಟು ಮುಂದೆ ಓಡುತ್ತಿದ್ದರೆ ಅದರಲ್ಲಿ ಸಾಮರ್ಥ್ಯ ಕಡಿಮೆ ಇದೆ, ಇಲ್ಲವೇ ಒಂದು ಸೆಲ್ಲಿನ ವೆಲ್ಡ್ ಬಿಟ್ಟಿದೆ.

ತುಂಬಿದ ಮೇಲೆ ಒಂದು ರಾತ್ರಿ ಬಿಟ್ಟು ಮತ್ತೆ ಅಳೆಯಿರಿ. ಆಮೇಲೆ ಅರ್ಧ ಲೋಡ್, 5 ಆಂಪ್, ಹತ್ತು ನಿಮಿಷ. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಪ್ರತಿ ಸೆಲ್ಲಿನ ಮೇಲೂ ಆಡಿಸಿ. ಎಲ್ಲವೂ ಒಂದೇ ಸಮನೆ ಬೆಚ್ಚಗಾದರೆ ಪರವಾಗಿಲ್ಲ. ಒಂದೇ ಒಂದು ಜಾಗ ಬಿಸಿಯಾಗಿದ್ದರೆ ಅಲ್ಲಿನ ವೆಲ್ಡ್ ಸರಿಯಿಲ್ಲ, ಬಿಚ್ಚಿ.

ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ, ಲಿಥಿಯಂ ಒಳಗೆ ಸೇರದೆ ಲೋಹವಾಗಿ ಮೇಲೇ ಕೂತುಬಿಡುತ್ತದೆ. 45 ಡಿಗ್ರಿ ದಾಟಿದಾಗಲೂ ಬೇಡ. ಬಿಸಿಲಲ್ಲಿ ಬಳಸಿ ತಂದ ಪ್ಯಾಕನ್ನು ತಣ್ಣಗಾದ ಮೇಲೆ ಚಾರ್ಜಿಗೆ ಹಾಕಿ. ಮಲಗುವ ಕೋಣೆಯಲ್ಲಿ ಹಾಕಿ ನಿದ್ದೆ ಮಾಡುವುದಂತೂ ಬೇಡವೇ ಬೇಡ.

## ಹೊಗೆ ಬಂದರೆ

ಉಸ್ ಅನ್ನುವ ಸದ್ದು, ಸಿಹಿ ವಾಸನೆ, ಬಿಳಿ ಹೊಗೆ. ಪ್ಯಾಕನ್ನು ಕೈಯಲ್ಲಿ ಎತ್ತಿ ಹೊರಗೆ ಓಡುವ ಸಾಹಸ ಬೇಡ, ಅದು ಕೈಯಲ್ಲೇ ಸಿಡಿಯಬಹುದು. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಉಸಿರಾಡಬೇಡಿ. ಎಲ್ಲರನ್ನೂ ಹೊರಗೆ ಕರೆದು, ದೂರದಿಂದ ಸಾಧ್ಯವಾದರೆ ಚಾರ್ಜರಿನ ಮೇನ್ ಆಫ್ ಮಾಡಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ. ಲಿಥಿಯಂಗೆ ನೀರು ಹಾಕಬಾರದು ಅನ್ನುವ ಮಾತು ಲೋಹದ ಲಿಥಿಯಂಗೆ ಸೇರಿದ್ದು. ಲಿಥಿಯಂ-ಅಯಾನ್ ಪ್ಯಾಕಿಗೆ ಧಾರಾಳ ನೀರೇ ಮದ್ದು, ಕಾವು ಇಳಿಸಿ ಪಕ್ಕದ ಸೆಲ್ಲಿಗೆ ಹಬ್ಬದಂತೆ ತಡೆಯುವುದು ಅದೇ. ಬೆಂಕಿ ಆರಿದಂತೆ ಕಂಡ ಮೇಲೂ ಗಂಟೆಗಟ್ಟಲೆ ಕಳೆದು ಮತ್ತೆ ಹೊತ್ತಿಕೊಳ್ಳಬಹುದು, ಒಳಗೆ ತಂದಿಡಬೇಡಿ.

ಬಳಸದೆ ಇಡುವ ಪ್ಯಾಕನ್ನು ಪೂರ್ತಿ ತುಂಬಿ ಇಡಬೇಡಿ, ಪೂರ್ತಿ ಖಾಲಿ ಮಾಡಿಯೂ ಇಡಬೇಡಿ. ಸೆಲ್ಲಿಗೆ 3.6ರಿಂದ 3.8, ಅಂದರೆ ನಮ್ಮ ಪ್ಯಾಕಿಗೆ 15 ವೋಲ್ಟ್ ಆಸುಪಾಸು. ಬಿಎಂಎಸ್ ಕೂಡ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರುತ್ತದೆ, ಮೂರು ತಿಂಗಳಿಗೊಮ್ಮೆ ಅಳೆಯಿರಿ. ಪೆಟ್ಟಿಗೆಯ ಮೇಲೆ 4ಎಸ್3ಪಿ, 16.8 ವೋಲ್ಟ್, ಸೆಲ್ ಬಗೆ, ಕಟ್ಟಿದ ತಿಂಗಳು ಇಷ್ಟನ್ನು ಮಾರ್ಕರ್‌ನಲ್ಲಿ ಬರೆದಿಡಿ, ಎರಡು ವರ್ಷ ಬಿಟ್ಟು ನಿಮಗೇ ನೆನಪಿರುವುದಿಲ್ಲ. ತೆಗೆದುಹಾಕಿದ ಸೆಲ್ಲುಗಳ ಎರಡೂ ತುದಿಗೆ ಟೇಪ್ ಹಚ್ಚಿ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೇ ಕೊಡಿ. ಕಸದ ಬುಟ್ಟಿಗೆ ಹಾಕಿದರೆ ಅದನ್ನು ಒತ್ತಿ ತುಂಬುವ ಲಾರಿಯೊಳಗೆ ಜಜ್ಜಿಹೋಗುವುದು ಅದೇ ಸೆಲ್ಲು.